ವಿಲಾಯತಿ ನೆಲ

ಮನೆಯನ್ನು ಕುರಿತು ಮಾತನಾಡುವಾಗ ನಾವು ಕಂಬಗಳನ್ನು ಹೊಗಳುತ್ತೇವೆ, ತೊಲೆಗಳನ್ನು ಹೊಗಳುತ್ತೇವೆ, ತಲೆಬಾಗಿಲಿನ ಕೆತ್ತನೆಯನ್ನಂತೂ ಬಂದ ನೆಂಟರಿಗೆಲ್ಲ ತೋರಿಸುತ್ತೇವೆ. ನೆಲದ ಮಾತು ಬರುವುದು ಅಪರೂಪ. ಕಾಲ ಕೆಳಗಿರುವುದರ ಗತಿಯೇ ಹಾಗೆ. ಕೂಸು ಮೊದಲು ಅಂಬೆಗಾಲಿಡುವುದು ನೆಲದ ಮೇಲೆ. ಕಡೆಗೆ ಮನುಷ್ಯನನ್ನು ಮಂಚದಿಂದ ಇಳಿಸಿ ಮಲಗಿಸುವುದೂ ನೆಲದ ಮೇಲೆಯೆ. ನಡುವಿನ ಅರುವತ್ತು ಎಪ್ಪತ್ತು ವರ್ಷ ಅದನ್ನು ತುಳಿಯುತ್ತಿರುತ್ತೇವೆ. ನಾನೂ ಹಾಗೆಯೇ ತುಳಿದವನು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ನಮ್ಮ ಮನೆಯ ನೆಲವನ್ನು ಮಂಡಿಯೂರಿ ನೋಡುವ ಪ್ರಸಂಗವೊಂದು ಒದಗಿತು. ಆ ನೆಲವನ್ನು ನಾನು ಮೊದಲು ಕೆಡಿಸಿದೆನು. ಆಮೇಲೆ ತಕ್ಕಮಟ್ಟಿಗೆ ಸರಿಪಡಿಸಿದೆನು. ಈ ಎರಡು ಕೆಲಸಗಳಿಂದಲೂ ನಾನು ಕಲಿತುದು ಹಳೆಯ ಮನೆಗಳಲ್ಲಿರುವ ಗೃಹಸ್ಥರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ನಮ್ಮ ಮನೆ ಮಧುಗಿರಿಯಲ್ಲಿ, ಬೆಟ್ಟದ ಬುಡದ ಹಳೆಯ ಬೀದಿಯೊಂದರಲ್ಲಿದೆ. ಒಂದೇ ಬಂಡೆಯಂತೆ ಎದ್ದು ನಿಂತಿರುವ ಆ ಬೆಟ್ಟವನ್ನೂ ಅದರ ಮೇಲಿನ ಕೋಟೆಯನ್ನೂ ನೋಡುವುದಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬೇಸಗೆಯಲ್ಲಿ ಆ ಬಂಡೆ ಹಗಲೆಲ್ಲ ಕಾದು, ರಾತ್ರಿ ಬಹಳ ಹೊತ್ತಿನವರೆಗೆ ನಮ್ಮ ಬೀದಿಗೆ ಬಿಸಿಯನ್ನು ಹಂಚುತ್ತಿರುವುದು. ಅಂಥ ರಾತ್ರಿಗಳಲ್ಲಿ ಚಿಕ್ಕವರಾಗಿದ್ದ ನಮಗೆ ಆಶ್ರಯವಾಗಿದ್ದುದು ಹಜಾರದ ನೆಲ. ಚಾಪೆಯನ್ನೂ ಹಾಸದೆ ನಾವು ಮಕ್ಕಳೆಲ್ಲ ಸಾಲಾಗಿ ಅದರ ಮೇಲೆ ಮಲಗುತ್ತಿದ್ದೆವು. ಒಂದು ಮಗ್ಗುಲು ಬಿಸಿಯಾದರೆ ಪಕ್ಕದ ಬಿಲ್ಲೆಗೆ ಉರುಳುತ್ತಿದ್ದೆವು.

ಮನೆಯನ್ನು ಕಟ್ಟಿಸಿದವರು ನಮ್ಮ ತಾತ. ಕಡಲೆಕಾಯಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವರು. ಸೂರಿಗೆ ಮಂಗಳೂರು ಹೆಂಚು, ತೊಟ್ಟಿಯ ಸುತ್ತ ಕಲ್ಲುಚಪ್ಪಡಿ, ಅಡಿಗೆಮನೆ ನಡುಮನೆಗಳಿಗೆ ಕೆಂಪು ಗಾರೆ, ಎಲ್ಲವೂ ಆ ಕಾಲದ ಅನುಕೂಲಸ್ಥರ ಮನೆಗಳಲ್ಲಿ ಇದ್ದಂಥವೇ. ಹಜಾರಕ್ಕೆ ಮಾತ್ರ ಅವರು ಊರಿನಲ್ಲಿ ಯಾರೂ ಹಾಕಿಸದ ಬಣ್ಣದ ಬಿಲ್ಲೆಗಳನ್ನು ಹಾಕಿಸಿದರು. ಎಂಟಂಗುಲ ಚದರದ ಬಿಲ್ಲೆಗಳು. ನಾಲ್ಕು ಸೇರಿದರೆ ಒಂದು ಎಂಟು ಮೂಲೆಯ ನಕ್ಷತ್ರ. ಸುತ್ತಲೂ ಬಳ್ಳಿಯ ಅಂಚು. ಹದಿನೆಂಟು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಹಜಾರಕ್ಕೆ ಒಟ್ಟು 567 ಬಿಲ್ಲೆಗಳು. ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗಳಲ್ಲಿ ತುಂಬಿದ ಆ ಬಿಲ್ಲೆಗಳು ಗೌರಿಬಿದನೂರಿನ ರೈಲು ನಿಲ್ದಾಣಕ್ಕೆ ಬಂದು, ಅಲ್ಲಿಂದ ಎತ್ತಿನ ಗಾಡಿಗಳಲ್ಲಿ ಮಧುಗಿರಿಗೆ ಬಂದುವೆಂದು ಅಜ್ಜಿ ಹೇಳುತ್ತಿದ್ದರು. ತಾತನವರು ಬಂದವರಿಗೆಲ್ಲ, "ಇವು ವಿಲಾಯತಿಯವು, ನೇರ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು" ಎನ್ನುತ್ತಿದ್ದರಂತೆ. ಅಂದಿನಿಂದ ಅದಕ್ಕೆ ವಿಲಾಯತಿ ನೆಲವೆಂದೇ ಹೆಸರಾಯಿತು.

ಈ ಹೆಸರೇ ಮನೆಯಲ್ಲೊಂದು ಕಹಿಗೆ ಕಾರಣವಾಯಿತು. 1938ನೆಯ ಇಸವಿ ಏಪ್ರಿಲ್ 25ರಂದು, ನಮ್ಮ ನೆರೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜವನ್ನು ಹಾರಿಸಲು ಸೇರಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಆಗ ನಮ್ಮ ತಂದೆಯವರಿಗೆ ಹದಿಮೂರು ವರ್ಷ. ಆ ಸುದ್ದಿ ಮಧುಗಿರಿಗೆ ಮುಟ್ಟಿದ ದಿನದಿಂದ ಅವರು ಖಾದಿಯನ್ನು ತೊಟ್ಟರು, ಸಾಯುವವರೆಗೆ ಬಿಡಲಿಲ್ಲ. ಅದೇ ದಿನ ಮತ್ತೊಂದು ನಿಯಮವನ್ನೂ ಹಿಡಿದರು. ವಿಲಾಯತಿ ನೆಲದ ಮೇಲೆ ಕುಳಿತು ಊಟ ಮಾಡುವುದಿಲ್ಲ ಎಂಬುದೇ ಆ ನಿಯಮ. ಹಬ್ಬವಿರಲಿ ಮದುವೆಯಿರಲಿ, ಹಜಾರದಲ್ಲಿ ಪಂಕ್ತಿ ಕುಳಿತಾಗ ಅವರ ಎಲೆ ಅಡಿಗೆಮನೆಯ ಗಾರೆಯ ಮೇಲೆ. ತಾತನವರು ಮೊದಲು ಗದರಿಸಿದರು, ಆಮೇಲೆ ಹಾಸ್ಯ ಮಾಡಿದರು, ಕಡೆಗೆ ಮಾತನ್ನೇ ಬಿಟ್ಟರು. "ನನ್ನ ನೆಲದ ಮೇಲೆ ನನ್ನ ಮಗ ಒಂದು ತುತ್ತು ಉಣ್ಣಲಿಲ್ಲವಲ್ಲ" ಎಂದು ಅವರು ಕೊನೆಗಾಲದಲ್ಲಿ ಅಜ್ಜಿಯ ಮುಂದೆ ಅಂದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ತಂದೆಯವರು ತೀರಿಕೊಂಡು ಹನ್ನೆರಡು ವರ್ಷಗಳಾದುವು. ಅವರ ಶ್ರಾದ್ಧವನ್ನೂ ನಾವು ಅವರ ನಿಯಮಕ್ಕೆ ಭಂಗ ಬಾರದಂತೆ ನಡುಮನೆಯಲ್ಲಿಯೇ ಮಾಡಿಕೊಂಡು ಬಂದೆವು.

ನಾನು ಪಾವಗಡದಲ್ಲಿ ಬಹು ಕಾಲ ಸಂಸ್ಕೃತವನ್ನು ಬೋಧಿಸಿ ನಿವೃತ್ತನಾಗಿ ಊರಿಗೆ ಬಂದಾಗ ಆ ನೆಲಕ್ಕೆ ಬಣ್ಣವೆಂಬುದೇ ಇರಲಿಲ್ಲ. ದೀಪದೆಣ್ಣೆ, ತಲೆಗೆಣ್ಣೆ, ಹೊಳಪಿಗೆಂದು ವರ್ಷವರ್ಷವೂ ಬಳಿದ ಪಾಲಿಷು, ಗೋಡೆಗೆ ಬಣ್ಣ ಹೊಡೆದವರು ಬೀಳಿಸಿದ ಹನಿ, ಇವೆಲ್ಲ ಸೇರಿ ಬೂದಿಬಣ್ಣದ ಪೊರೆಯೊಂದು ಕಟ್ಟಿಕೊಂಡಿತ್ತು. ನಕ್ಷತ್ರಗಳು ಮೋಡದ ಹಿಂದಿದ್ದಂತೆ ಕಾಣುತ್ತಿದ್ದುವು. ಕೆಲವು ಬಿಲ್ಲೆಗಳು ಕಾಲಿಟ್ಟರೆ ಅಲುಗುತ್ತಿದ್ದುವು. ಬೆಂಗಳೂರಿನಲ್ಲಿರುವ ನನ್ನ ತಮ್ಮನು ನೋಡಿ, "ಅಣ್ಣಯ್ಯ, ಇದನ್ನು ಕಿತ್ತುಹಾಕಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿಬಿಡೋಣ. ನಾಲ್ಕು ದಿನದ ಕೆಲಸ. ಖರ್ಚು ನನ್ನದು" ಎಂದನು. ಅವನ ಮಗನ ಮದುವೆ ಗೊತ್ತಾಗಿತ್ತು. ದೇವರ ಸಮಾರಾಧನೆ ಈ ಮನೆಯಲ್ಲಿಯೇ ಆಗಬೇಕಾಗಿತ್ತು. ನಾನು ಹಿರಿಯನೆಂಬ ಅಧಿಕಾರದಿಂದ, "ಕಿತ್ತುಹಾಕುವುದು ಬೇಡ. ನಾನು ತೊಳೆಸಿ ಹೊಸದರಂತೆ ಮಾಡಿಸಿಡುತ್ತೇನೆ" ಎಂದು ಮಾತು ಕೊಟ್ಟುಬಿಟ್ಟೆನು.

ಮಾತು ಕೊಡುವುದಕ್ಕೆ ಒಂದು ಗಳಿಗೆ ಸಾಕು. ಸಮಾರಾಧನೆಗೆ ಮೂರು ದಿನ ಉಳಿದಾಗ ಕೆಲಸಕ್ಕೆ ಕೈಹಾಕಿದೆನು. ಸೋಪಿನ ಪುಡಿಗೆ ಪೊರೆ ಜಗ್ಗಲಿಲ್ಲ. ಆಗ ಅಂಗಡಿಯಿಂದ ಬಚ್ಚಲು ತೊಳೆಯುವ ಆಸಿಡ್ಡನ್ನು ತರಿಸಿ ತೊಟ್ಟಿಯ ಕಡೆಯ ಮೂಲೆಯಲ್ಲಿ ಸುರಿದೆನು. ಸುರಿದೊಡನೆ ಮಜ್ಜಿಗೆಗೆ ಒಗ್ಗರಣೆ ಬಿದ್ದಂತೆ ಚೊಯ್ ಎಂದಿತು, ಬಿಳಿಯ ನೊರೆಯೆದ್ದಿತು. ಕೊಳೆಯು ಪ್ರಾಣಬಿಡುತ್ತಿರುವ ಶಬ್ದವೆಂದು ನಾನು ಸಂತೋಷಪಟ್ಟೆನು. ತೊಳೆದು ನೋಡುವಲ್ಲಿ ಕೊಳೆಯೂ ಹೋಗಿತ್ತು, ಬಣ್ಣವೂ ಹೋಗಿತ್ತು, ಮೇಲಿನ ನುಣುಪೂ ಹೋಗಿತ್ತು. ಹನ್ನೆರಡು ಬಿಲ್ಲೆಗಳು ಮರಳುಕಾಗದದಂತೆ ಒರಟಾಗಿ, ಬೆಳ್ಳಗೆ ಬಾಯಿಬಿಟ್ಟುಕೊಂಡು ನನ್ನನ್ನು ನೋಡುತ್ತಿದ್ದುವು.

ಇಲ್ಲಿ ನನ್ನ ಪಾಂಡಿತ್ಯದ ವಿಷಯವಾಗಿ ಒಂದು ಮಾತು ಹೇಳದೆ ಇರಲಾರೆನು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ 11ನೆಯ ಅಧ್ಯಾಯ ಕ್ಷಾರಪಾಕವಿಧಿಯೆಂಬುದು. ಕ್ಷಾರದಿಂದ ಸುಟ್ಟುದಕ್ಕೆ ಹುಳಿಯೇ ಶಮನವೆಂದೂ, ಹುಳಿಯು ಸೇರಿದಾಗ ಕ್ಷಾರವು ತನ್ನ ತೀಕ್ಷ್ಣತೆಯನ್ನು ಬಿಡುವುದೆಂದೂ ಅಲ್ಲಿ ಹೇಳಿದೆ. ಇದನ್ನು ನಾನು ಗುರುಗಳ ಮುಂದೆ ಕುಳಿತು ಓದಿದವನು. ಸುಣ್ಣದಿಂದ ಹುಟ್ಟುವ ಸಿಮೆಂಟು ಕ್ಷಾರಸ್ವಭಾವದ್ದು; ಆಸಿಡ್ಡು ಹುಳಿ. ಒಂದರ ಮೇಲೊಂದನ್ನು ಹೊಯ್ದರೆ ಏನಾಗುವುದೆಂದು ಎರಡು ಸಾವಿರ ವರ್ಷದ ಹಿಂದಿನವರಿಗೆ ಹೊಳೆಯುತ್ತಿತ್ತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಹೊಳೆಯಲಿಲ್ಲ.

ಸಮಾರಾಧನೆಯ ದಿನ ಆ ಮೂಲೆಯ ಮೇಲೆ ಜಮಖಾನ ಹಾಸಿ ಮಾನ ಉಳಿಸಿಕೊಂಡೆನು. ಆದರೆ ಕೊರಟಗೆರೆಯಿಂದ ಬಂದಿದ್ದ ನನ್ನ ತಂಗಿಯ ಮಗಳು, ಬೆಂಗಳೂರಿನಲ್ಲಿ ಕಟ್ಟಡಶಿಲ್ಪವನ್ನು ಓದುತ್ತಿರುವವಳು, ಊಟವಾದ ಮೇಲೆ ಜಮಖಾನದ ತುದಿಯನ್ನೆತ್ತಿ ನೋಡಿಬಿಟ್ಟಳು. "ಮಾವ, ಇದಕ್ಕೆ ಏನು ಹಾಕಿದಿರಿ?" ಎಂದಳು. ಹೇಳಿದೆನು. "ನೊರೆ ಬಂತೆ?" ಎಂದಳು. ಬಂತೆಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ಇಂಗ್ಲೆಂಡಿನದಲ್ಲ, ಮಾವ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ವಿವರಿಸಿದುದರ ಸಾರಾಂಶ ಇದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಹಾಸುಬಿಲ್ಲೆಗಳು ಜೇಡಿಮಣ್ಣಿನವು. ಹಿಂದೆ ಅಲ್ಲಿಯ ಕ್ರೈಸ್ತಮಠಗಳ ನೆಲಕ್ಕೆ ಹಾಕುತ್ತಿದ್ದು, ಆಮೇಲೆ ಮರೆತೇಹೋಗಿದ್ದ ವಿದ್ಯೆ ಅದು. ಸ್ಯಾಮ್ಯುಯಲ್ ರೈಟ್ ಎಂಬವನು 1830ರಲ್ಲಿ ಅದಕ್ಕೆ ಹೊಸದಾಗಿ ಪೇಟೆಂಟು ಪಡೆದನು. ಹರ್ಬರ್ಟ್ ಮಿಂಟನ್ ಎಂಬ ಕುಂಬಾರಿಕೆಯ ವ್ಯಾಪಾರಿಯು ಅದನ್ನು ಬೆಳೆಸಿದನು. ಹಸಿಬಿಲ್ಲೆಯಲ್ಲಿ ಚಿತ್ರದ ಅಚ್ಚನ್ನೊತ್ತಿ, ಆ ತಗ್ಗಿಗೆ ಬೇರೆ ಬಣ್ಣದ ಮಣ್ಣನ್ನು ತುಂಬಿ, ಒಣಗಿಸಿ, ಆವಗೆಯಲ್ಲಿ ಸುಡುವರು. ಚಿತ್ರವು ಮೇಲೆ ಬಳಿದುದಲ್ಲ, ಮೈಯಲ್ಲಿಯೇ ಕೂಡಿರುವುದು. ಅಮೆರಿಕೆಯ ರಾಜಧಾನಿಯ ಶಾಸನಸಭಾ ಮಂದಿರಕ್ಕೂ 1856ರಿಂದ 1861ರವರೆಗೆ ಮಿಂಟನ್ನನ ಬಿಲ್ಲೆಗಳನ್ನು ತರಿಸಿ ಹಾಸಿದರು. ಅವು ಬೆಂಕಿಯಲ್ಲಿ ಬೆಂದುವಾದ್ದರಿಂದ ಹುಳಿ ಬಿದ್ದ ಮಾತ್ರಕ್ಕೆ ಹೀಗೆ ನೊರೆಗಟ್ಟುವುದಿಲ್ಲ. ಸಂದುಗಳಲ್ಲಿನ ಸುಣ್ಣ ಸಿಮೆಂಟುಗಳು ನೊರೆಗಟ್ಟುತ್ತವೆ, ಬಿಲ್ಲೆಯ ಮುಖವಲ್ಲ.

ನಮ್ಮದು ಆ ಜಾತಿಯೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದಕ್ಷಿಣ ಯೂರೋಪಿನಲ್ಲಿ, ಸುಡದೆಯೇ ಬಿಲ್ಲೆ ಮಾಡುವ ಕ್ರಮವೊಂದು ಹುಟ್ಟಿತು. ಲೋಹದ ಅಚ್ಚಿನ ಮನೆಮನೆಗೂ ಬಣ್ಣ ಬೆರಸಿದ ಸಿಮೆಂಟನ್ನು ಹೊಯ್ದು, ಅದರ ಹಿಂದೆ ಮರಳು ಸಿಮೆಂಟುಗಳನ್ನು ತುಂಬಿ, ಯಂತ್ರದಿಂದ ಬಲವಾಗಿ ಒತ್ತಿ, ತೆಗೆದು ನೀರಿನಲ್ಲಿ ನೆನೆಯಿಟ್ಟು ಗಟ್ಟಿಮಾಡುವರು. ಬೆಂಕಿಯ ಸೋಂಕೇ ಇಲ್ಲ. ತಮಿಳುನಾಡಿನ ಚೆಟ್ಟಿನಾಡಿನ ಆತ್ತಂಗುಡಿಯಲ್ಲಿ ಗಾಜಿನ ಹಲಗೆಯ ಮೇಲೆ ಬಣ್ಣ ಹೊಯ್ದು ಈಗಲೂ ಇಂಥ ಬಿಲ್ಲೆಗಳನ್ನು ಕೈಯಿಂದ ಮಾಡುತ್ತಾರೆ. ಗಾಜಿನ ನುಣುಪೇ ಅದಕ್ಕೆ ಹೊಳಪಾಗುತ್ತದೆ. ಇಂಥ ಬಿಲ್ಲೆಯ ದಪ್ಪ ಮುಕ್ಕಾಲಂಗುಲವಿದ್ದರೂ ಬಣ್ಣದ ಪದರವಿರುವುದು ಮೇಲಿನ ಒಂದು ನೂಲಿನಷ್ಟು ಮಾತ್ರ. "ಆದ್ದರಿಂದಲೇ ಮಿಷನ್ನಿನಿಂದ ಉಜ್ಜಿಸುವುದಕ್ಕೂ ಹೋಗಬೇಡಿ, ಮಾವ. ಹೊಳಪಿನ ಜೊತೆಗೆ ಚಿತ್ರವೂ ಹೋಗುತ್ತದೆ" ಎಂದಳು. ಅದನ್ನೇ ಮರುದಿನ ಮಾಡಿಸಬೇಕೆಂದಿದ್ದ ನಾನು ಬಾಯಿ ಮುಚ್ಚಿಕೊಂಡೆನು.

ನೊರೆಯೊಂದನ್ನೇ ನಂಬಿ ತಾತನವರ ಮಾತನ್ನು ಸುಳ್ಳೆನ್ನಲು ನನಗೆ ಮನಸ್ಸು ಬರಲಿಲ್ಲ. ಮೈಸೂರಿನ ಅರಮನೆಯನ್ನು ನೋಡಿದ್ದೆನು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ಕಟ್ಟಲಾರಂಭಿಸಿ 1912ರಲ್ಲಿ ಮುಗಿದ ಅರಮನೆ ಅದು. ಕಲ್ಯಾಣಮಂಟಪದ ನೆಲದ ಬಿಲ್ಲೆಗಳಲ್ಲಿ ನವಿಲುಗಳಿವೆ. ಅಂಥದರ ತುಣುಕೊಂದು ನಮ್ಮ ಮನೆಯಲ್ಲಿದೆಯೆಂದು ಬಾಲ್ಯದಿಂದ ನಂಬಿದ್ದವನು ನಾನು. ಸಂಶಯವನ್ನು ತೀರಿಸಿದವರು ಶಿರಾದಿಂದ ಬಂದ ಗಾರೆ ಮೇಸ್ತ್ರಿ.

ಆಷಾಢದಲ್ಲಿ ಶುಭಕಾರ್ಯಗಳಿಲ್ಲವಾದ್ದರಿಂದ ಅದೇ ಸಮಯವೆಂದು ಅವರನ್ನು ಕರೆಸಿದೆನು. ಎಪ್ಪತ್ತು ವರ್ಷದ ಸಾಹೇಬರು. ಸುಣ್ಣದ ಗಾರೆಯನ್ನು ಅರೆದು ಹದಮಾಡುವುದನ್ನು ತಂದೆಯಿಂದ ಕಲಿತವರು. 1696ರಲ್ಲಿ ಕಟ್ಟಿದ ಶಿರಾದ ಜುಮ್ಮಾ ಮಸೀದಿಯ ಗೋಡೆಯನ್ನು ತೋರಿಸಿಕೊಂಡೇ ತಮ್ಮ ತಂದೆ ಪಾಠ ಹೇಳಿದರೆಂದು ಅವರ ಹೆಮ್ಮೆ. ಬಂದವರು ಮೊದಲು ಯಾವ ಹತಾರವನ್ನೂ ಮುಟ್ಟಲಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು, ಬೆರಳ ಗೆಣ್ಣಿನಿಂದ ಒಂದೊಂದೇ ಬಿಲ್ಲೆಯನ್ನು ತಟ್ಟುತ್ತ ಹೋದರು. ಗಟ್ಟಿಯಾಗಿ ಕುಳಿತ ಬಿಲ್ಲೆಯ ದನಿ ಬೇರೆ, ಅಡಿ ಪೊಳ್ಳಾದ ಬಿಲ್ಲೆಯ ದನಿ ಬೇರೆ. ಪೊಳ್ಳಾದುವು ಇಪ್ಪತ್ತಮೂರು ಸಿಕ್ಕಿದುವು. ನನ್ನ ಹನ್ನೆರಡರ ಬಳಿಗೆ ಬಂದಾಗ ಅಂಗೈಯಿಂದ ಸವರಿ, "ಮೇಷ್ಟ್ರೇ, ಇದು ಸುಟ್ಟ ಬಿಲ್ಲೆ ಅಲ್ಲ, ಒತ್ತಿದ ಬಿಲ್ಲೆ. ಇದರ ಮೇಲೆ ಆಸಿಡ್ ಹಾಕೋದೂ ಒಂದೇ, ನಿಮ್ಮ ಪುಸ್ತಕದ ಮೇಲೆ ನೀರು ಹಾಕೋದೂ ಒಂದೇ" ಎಂದರು.

ಸಂದುಗಳನ್ನು ತೆಳುವಾದ ಅಲಗಿನಿಂದ ಕೆರೆದು, ಅವರು ಮೊದಲನೆಯ ಬಿಲ್ಲೆಯನ್ನು ಹೊಟ್ಟೆಯಡಿ ಕೈಕೊಟ್ಟು ಕೂಸನ್ನೆತ್ತಿದಂತೆ ಎತ್ತಿದರು. ಬೆನ್ನನ್ನು ತೊಳೆದು ನನ್ನ ಕೈಗೆ ಕೊಟ್ಟರು. ಉಬ್ಬಿದ ಇಂಗ್ಲಿಷ್ ಅಕ್ಷರಗಳು. ಮೇಲಿನ ಸಾಲು ಸವೆದಿತ್ತು. ಕೆಳಗಿನ ಸಾಲು ಸ್ಪಷ್ಟವಾಗಿತ್ತು: ಬಾಂಬೆ. ಮತ್ತೊಂದನ್ನೆತ್ತಿದರು, ಅದರಲ್ಲಿಯೂ ಬಾಂಬೆ. ಆ ಕಾಲದ ಬೊಂಬಾಯಿಯಲ್ಲಿ ಈ ಕೆಲಸ ಸ್ವದೇಶೀ ಅಭಿಮಾನದಿಂದಲೇ ಬೆಳೆದಿತ್ತು. ಭಾರತ್ ಫ್ಲೋರಿಂಗ್ ಟೈಲ್ಸ್ ಎಂಬ ಕಂಪನಿಯನ್ನು ಸಿಧ್ವಾ ಮನೆತನದವರು ಅಲ್ಲಿ 1922ರಲ್ಲಿ ಸ್ಥಾಪಿಸಿದುದು, ಹೊರದೇಶದ ಬಿಲ್ಲೆಗಳಿಗೆ ಸರಿಸಮನಾದುದನ್ನು ನಮ್ಮವರೇ ಮಾಡಬೇಕೆಂಬ ಛಲದಿಂದ. ನಮ್ಮವು ಯಾರ ಕಾರ್ಖಾನೆಯವಾದರೂ ಆಗಲಿ, ಇಂಗ್ಲೆಂಡಿನವಲ್ಲ. ನಮ್ಮ ದೇಶದ ಕೂಲಿಯವರು ಒತ್ತಿ ನೀರಿನಲ್ಲಿ ನೆನೆಯಿಟ್ಟವು.

ಆ ಬಿಲ್ಲೆಯನ್ನು ಹಿಡಿದುಕೊಂಡು ನಾನು ಬಹಳ ಹೊತ್ತು ಕುಳಿತೆನು. ಎಪ್ಪತ್ತೈದು ವರ್ಷ ನಮ್ಮ ತಂದೆಯವರು ಸ್ವದೇಶಿಯ ಹೆಸರಿನಲ್ಲಿ ದೂರವಿಟ್ಟುದು ಸ್ವದೇಶೀ ನೆಲವನ್ನು. ಅಂಗಡಿಯವನು ತಾತನಿಗೆ ಸುಳ್ಳು ಹೇಳಿದನೋ, ತಾತನೇ ಊರಿನ ಮುಂದೆ ದೊಡ್ಡಸ್ತಿಕೆಗಾಗಿ ಹಾಗೆ ಹೇಳಿದರೋ! ಹೇಳಿದ್ದರೆ, ಮಗನು ಎಲೆಯನ್ನೆತ್ತಿಕೊಂಡು ಅಡಿಗೆಮನೆಗೆ ಹೋದ ದಿನ ಒಂದು ಮಾತಿನಿಂದ ಎಲ್ಲವನ್ನೂ ಸರಿಪಡಿಸಬಹುದಾಗಿತ್ತು. ಆದರೆ ಸಾರಿ ಸಾರಿ ಹೇಳಿದ ಜಂಬವನ್ನು ಮಗನ ಮುಂದೆ ಹಿಂದಕ್ಕೆ ತೆಗೆದುಕೊಳ್ಳುವುದು ತಂದೆಯಾದವನಿಗೆ ಸುಲಭವಲ್ಲ. ನಾನೂ ಹನ್ನೆರಡು ಬಿಲ್ಲೆಗಳನ್ನು ಜಮಖಾನದ ಕೆಳಗೆ ಮುಚ್ಚಿಟ್ಟವನೇ ಅಲ್ಲವೆ?

ಇನ್ನು ಕೆಲಸದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದು ನೀರು. ನಮ್ಮ ಸೀಮೆಯ ಕೊಳವೆಬಾವಿಯ ನೀರು ಎಂಥದೆಂಬುದನ್ನು ಪಾವಗಡದಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಫ್ಲೋರೈಡಿನಿಂದ ಹಲ್ಲಿನ ಮೇಲೆ ಕಂದುಗೆರೆ ಬಿದ್ದ ಮಕ್ಕಳನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಕಂಡಿದ್ದೇನೆ. ಹಂಡೆಯ ಒಳಮೈಗೆ ಸುಣ್ಣ ಬಳಿದಂತೆ ಬಿಳಿಯ ಹೆಕ್ಕಳೆ ಕಟ್ಟುವ ನೀರು ಅದು. ಅಂಥ ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವುದಿಲ್ಲ; ಗಸಿಯಾಗಿ ನೆಲಕ್ಕೇ ಅಂಟುತ್ತದೆ. ನೀರು ಆರಿದ ಮೇಲೆ ಅದರ ಲವಣ ನೆಲದ ಮೇಲೆ ಮಂಜಿನಂತೆ ಉಳಿಯುತ್ತದೆ. ನಮ್ಮ ಹಜಾರದ ಬೂದಿಬಣ್ಣದಲ್ಲಿ ಅರ್ಧ ಪಾಲು ಈ ನೀರಿನದೇ. ಆದುದರಿಂದ ಸೂರಿನಿಂದ ತೊಟ್ಟಿಗೆ ಸುರಿಯುವ ಮಳೆಯ ನೀರನ್ನು, ಮೊದಲ ಮಳೆಯದನ್ನು ಬಿಟ್ಟು, ಪೀಪಾಯಿಗಳಲ್ಲಿ ಹಿಡಿದಿಟ್ಟೆವು. ನೆಲವನ್ನು ತೊಳೆದುದೆಲ್ಲ ಆ ನೀರಿನಲ್ಲಿಯೇ.

ಎರಡನೆಯದು ಸಾಬೂನು. ಹುಣಿಸೆಹಣ್ಣು, ನಿಂಬೆ, ವಿನಿಗರು ಯಾವುದೂ ಕೂಡದು. ಸೀಗೆಕಾಯಿ ಸೌಮ್ಯವಲ್ಲವೆ ಎಂದು ನಾನು ಕೇಳಿದೆನು. ಅದರಲ್ಲಿಯೂ ಹುಳಿಯುಂಟೆಂದು ಸೋದರ ಸೊಸೆ ತಡೆದಳು. ಹುಳಿಯೂ ಅಲ್ಲದ, ತೀಕ್ಷ್ಣ ಕ್ಷಾರವೂ ಅಲ್ಲದ ಮೆದು ಸಾಬೂನಿನ ದ್ರಾವಣವನ್ನು ಅವಳೇ ತಂದುಕೊಟ್ಟಳು. ನೆಲಕ್ಕೆ ಬಿಂದಿಗೆಗಟ್ಟಲೆ ನೀರು ಸುರಿಯಲಾಗದು. ಒತ್ತಿದ ಬಿಲ್ಲೆ ನೀರನ್ನು ಕುಡಿಯುತ್ತದೆ. ಕುಡಿದ ನೀರು ಮೇಲಕ್ಕೆ ಬರುವಾಗ ಒಳಗಿನ ಉಪ್ಪನ್ನು ಹೊತ್ತು ತಂದು ಹೂ ಬಿಟ್ಟಂತೆ ಮೇಲೆ ಬಿಡುತ್ತದೆ. ಒಂದು ಸಲಕ್ಕೆ ಒಂದು ಗಜ ಚದರವನ್ನು ಮಾತ್ರ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಎದ್ದ ಕೊಳೆಯನ್ನು ಆರಲು ಬಿಡದೆ ಒಡನೆಯೆ ಹತ್ತಿಯ ಬಟ್ಟೆಯಿಂದ ಹೀರಿಸಿ, ತಿಳಿನೀರಿನಲ್ಲಿ ಎರಡು ಬಾರಿ ಒರಸಬೇಕು. ದಿನಕ್ಕೆ ಎರಡು ಗಜ ಚದರ ಮುಗಿದರೆ ಹೆಚ್ಚು. ಬಣ್ಣದ ಹನಿಗಳನ್ನು ಬಿದಿರಿನ ಚಕ್ಕೆಯಿಂದ ಎಬ್ಬಿಸಿದೆವು, ಕಬ್ಬಿಣವನ್ನು ಮುಟ್ಟಿಸಲಿಲ್ಲ.

ಎಣ್ಣೆಯ ಕಲೆಗಳಿಗೆ ನನ್ನ ವೃತ್ತಿಯೇ ಔಷಧವನ್ನು ಒದಗಿಸಿತು. ಮೂವತ್ತು ವರ್ಷದಲ್ಲಿ ಉಳಿದ ಬಿಳಿಯ ಸೀಮೆಸುಣ್ಣದ ಮೋಟುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದೆನು. ಅವನ್ನು ಕುಟ್ಟಿ ಪುಡಿಮಾಡಿ, ಸಾಬೂನಿನ ನೀರಿನಲ್ಲಿ ಕಲಸಿ, ಕಲೆಯ ಮೇಲೆ ಬೆರಳುದಪ್ಪ ಪಟ್ಟು ಹಾಕಿ, ಮುಚ್ಚಿ, ರಾತ್ರಿಯೆಲ್ಲ ಬಿಟ್ಟು, ಒಣಗಿದ ಮೇಲೆ ಕೆರೆದು ತೆಗೆದರೆ ಎಣ್ಣೆಯನ್ನು ಹೀರಿಕೊಂಡು ಪಟ್ಟು ಹಳದಿಯಾಗಿರುತ್ತಿತ್ತು. ಹಳೆಯ ಕಲೆಗಳಿಗೆ ನಾಲ್ಕೈದು ಬಾರಿ ಹಾಕಬೇಕಾಯಿತು. ದೇವರಮನೆಯ ಬಾಗಿಲಿನ ನಂದಾದೀಪದ ಕಲೆ ಏಳು ಪಟ್ಟುಗಳಿಗೂ ಪೂರ್ತಿ ಬಿಡಲಿಲ್ಲ. ಅದನ್ನು ಹಾಗೆಯೇ ಬಿಟ್ಟೆವು.

ಎತ್ತಿದ ಬಿಲ್ಲೆಗಳನ್ನು ಸಾಹೇಬರು ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯ ಮೇಲೆ ಮತ್ತೆ ಕೂರಿಸಿದರು. ಸಿಮೆಂಟೇ ಗಟ್ಟಿಯಲ್ಲವೆ ಎಂದುದಕ್ಕೆ, "ಹಾಸಿಗೆ ಬಿಲ್ಲೆಗಿಂತ ಗಟ್ಟಿಯಾಗಬಾರದು ಸ್ವಾಮಿ. ನಾಳೆ ಎತ್ತಬೇಕಾದರೆ ಒಡೆದೇ ಎತ್ತಬೇಕಾಗುತ್ತೆ. ನಮ್ಮ ಹಿಂದೆ ಬರೋನೂ ಕೆಲಸ ಮಾಡಬೇಕಲ್ಲ" ಎಂದರು.

ಇಪ್ಪತ್ತಮೂರರಲ್ಲಿ ನಾಲ್ಕು ಬಿಲ್ಲೆಗಳು ಪೂರ್ತಿ ಒಡೆದಿದ್ದುವು. ಅವಕ್ಕೆ ಜೋಡಿಯೆಲ್ಲಿ? ಹಜಾರದ ಮೂಲೆಯಲ್ಲಿ ಅಜ್ಜಿಯ ಮರದ ದೊಡ್ಡ ಪೆಟ್ಟಿಗೆಯೊಂದು ಮನೆಯ ಗೃಹಪ್ರವೇಶದಿಂದ ಇದ್ದಲ್ಲಿಯೇ ಇದೆ. ಆರು ಜನ ಸೇರಿ ಅದನ್ನು ಜರುಗಿಸಿದೆವು. ಅದರ ಕೆಳಗಿನ ಬಿಲ್ಲೆಗಳನ್ನು ಕಂಡು ಎಲ್ಲರೂ ಮೌನವಾದೆವು. ಕೆಂಪೆಂದು ನಾವು ತಿಳಿದಿದ್ದುದು ದಾಳಿಂಬೆಯ ಹೂವಿನ ಬಣ್ಣ. ಕಪ್ಪೆಂದು ತಿಳಿದಿದ್ದುದು ಕಡುಹಸುರು. ನಾವು ಮೂವರು ಮಕ್ಕಳೂ ಅದರ ಮೇಲೆ ಆಡಿ ಬೆಳೆದೆವು. ಅದರ ನಿಜವಾದ ಬಣ್ಣವನ್ನು ಒಬ್ಬರೂ ಕಂಡಿರಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1854ರಲ್ಲಿ ತೆರೆದ ಸೇಂಟ್ ಜಾರ್ಜ್ ಹಾಲ್ ಎಂಬ ಭವನದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಿಂಟನ್ ಬಿಲ್ಲೆಗಳ ನೆಲವೊಂದಿದೆಯಂತೆ. ಅದರ ಮೇಲೆ ಮರದ ಹಲಗೆಗಳನ್ನು ಮುಚ್ಚಿಟ್ಟಿದ್ದಾರೆ. ಅಪರೂಪಕ್ಕೆ ತೆರೆದು ತೋರಿಸಿದಾಗ ಜನ ಕಿಕ್ಕಿರಿದು ನೋಡುತ್ತಾರೆ. ಹಾಗೆ ಮುಚ್ಚಿದ್ದರಿಂದಲೇ ಬಣ್ಣ ಉಳಿದಿದೆಯೆಂದು ಸೋದರ ಸೊಸೆ ಹೇಳಿದಳು. ನಮ್ಮ ಮನೆಯಲ್ಲಿ ಆ ಉಪಕಾರವನ್ನು ಅಜ್ಜಿಯ ಪೆಟ್ಟಿಗೆ ಮಾಡಿತ್ತು.

ಪೆಟ್ಟಿಗೆಯಡಿಯ ನಾಲ್ಕು ಬಿಲ್ಲೆಗಳನ್ನು ಒಡೆದವುಗಳ ಸ್ಥಳಕ್ಕೆ ತಂದೆವು. ಒಡೆದವನ್ನು ಕೂಡಿಸಿ ಪೆಟ್ಟಿಗೆಯಡಿ ಇಟ್ಟೆವು. ತಮ್ಮನು ಈಗ ಉತ್ಸಾಹಗೊಂಡು, "ನೆಲವೆಲ್ಲ ಈ ಬಣ್ಣಕ್ಕೆ ಬರಬೇಕು. ಅಡಿಗೆಮನೆಯ ಬಾಗಿಲಿಂದ ದೇವರಮನೆಯವರೆಗೆ ಸವೆದ ಬಿಲ್ಲೆಗಳನ್ನೆಲ್ಲ ತೆಗೆದು ಆತ್ತಂಗುಡಿಯಲ್ಲಿ ಇದೇ ನಮೂನೆ ಮಾಡಿಸೋಣ" ಎಂದನು. ಆ ಸಾಲಿನಲ್ಲಿ ನಕ್ಷತ್ರಗಳು ಅರ್ಧಕ್ಕರ್ಧ ಮಾಸಿ ನಡುವೆ ಸಣ್ಣ ತಗ್ಗಾಗಿರುವುದು ನಿಜ. ಆದರೆ ದಿನವೂ ಬೆಳಗ್ಗೆ ಮಡಿಯುಟ್ಟು, ನೈವೇದ್ಯವನ್ನು ಹಿಡಿದು ಅಜ್ಜಿಯೂ ಆಮೇಲೆ ಅಮ್ಮನೂ ನಡೆದ ದಾರಿ ಅದು. ಕೊಳೆಯು ಹೊರಗಿನಿಂದ ಬಂದು ಕೂತದ್ದು, ಅದನ್ನು ತೆಗೆಯಬೇಕು. ಸವೆತವು ಉಪಯೋಗದಿಂದ ಆದದ್ದು, ಅದನ್ನು ತೆಗೆಯುವುದೆಂದರೆ ನಡೆದವರನ್ನೇ ಮರೆತಂತೆ. ಜೀರ್ಣೋದ್ಧಾರವೆಂಬ ಮಾತಿನಲ್ಲಿ ಉದ್ಧಾರವಾಗಬೇಕಾದುದು ಜೀರ್ಣವಾದ ವಸ್ತುವೇ ಹೊರತು ಅದರ ಸ್ಥಾನದಲ್ಲಿ ಇಟ್ಟ ಹೊಸದಲ್ಲ. ಹೀಗೆ ನಾನು ಹೇಳಿದುದಕ್ಕೆ ತಮ್ಮನು ಪ್ರತಿ ಹೇಳಲಿಲ್ಲ. ಕೊಂಚ ಹೊತ್ತಿನ ಮೇಲೆ ಚಪ್ಪಲಿಯಿಲ್ಲದ ಕಾಲಿನಿಂದ ಆ ತಗ್ಗಿನ ಮೇಲೆ ಎರಡು ಸಲ ನಡೆದು, "ಇರಲಿ ಬಿಡಣ್ಣಯ್ಯ" ಎಂದನು.

ನನ್ನ ಹನ್ನೆರಡು ಬಿಲ್ಲೆಗಳನ್ನೂ ಬದಲಿಸಲಿಲ್ಲ. ನೀರು ತೇವಿಸಿದ ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿ ಒರಟನ್ನು ತಗ್ಗಿಸಿದೆವು. ಬಣ್ಣ ಮರಳಲಿಲ್ಲ. ಅದು ನನ್ನ ಲೆಕ್ಕಕ್ಕೆ ಇರಲಿ ಎಂದುಕೊಂಡೆನು.

ತೊಳೆದ ನೆಲವನ್ನು ಭಾದ್ರಪದದಿಂದ ಕಾರ್ತಿಕದವರೆಗೆ ಹಾಗೆಯೇ ಆರಲು ಬಿಟ್ಟೆವು. ಕೆಳಗಿನ ತೇವ ಹೋಗುವ ಮುನ್ನ ಮೇಲೆ ಏನನ್ನು ಬಳಿದರೂ ಒಳಗೆ ಕೊಳೆಯುತ್ತದೆ. ಗಾಜಿನಂತೆ ಹೊಳೆಯುವ ವಾರ್ನಿಷಿನ ಜಾತಿಯ ಲೇಪಗಳನ್ನು ಕೊಳ್ಳಲಿಲ್ಲ. ಅವು ನೆಲದ ಉಸಿರನ್ನು ಕಟ್ಟುತ್ತವೆ. ಜೇನುಮೇಣದ ಲೇಪವನ್ನು ತೆಳ್ಳಗೆ ಸವರಿ ಹತ್ತಿಯ ಬಟ್ಟೆಯಿಂದ ಉಜ್ಜಿದೆವು. ತಂಗಿಯು ಕೊರಟಗೆರೆಯ ತನ್ನ ಮನೆಯ ಕೆಂಪು ಗಾರೆಗೆ ಕೊಬ್ಬರಿಯೆಣ್ಣೆ ಸವರಿ ತೆಂಗಿನ ನಾರಿನಿಂದ ತಿಕ್ಕುವವಳು. ಎಣ್ಣೆಯೇಕೆ ಬೇಡವೆಂದು ಕೇಳಿದಳು. ಎಣ್ಣೆ ಧೂಳನ್ನು ಹಿಡಿದು ಮತ್ತೆ ಅದೇ ಪೊರೆ ಕಟ್ಟುವುದೆಂದು ಅವಳ ಮಗಳೇ ಉತ್ತರ ಹೇಳಿದಳು. ನಾರನ್ನು ಮಾತ್ರ ಅವಳಿಂದ ತೆಗೆದುಕೊಂಡೆವು. ಮೇಣವನ್ನು ಹೊಳಪಿಗೆ ತರುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಮಾರ್ಗಶಿರದಲ್ಲಿ ತಂದೆಯವರ ಶ್ರಾದ್ಧ. ಹಿಂದಿನ ದಿನ ಸಾಯಂಕಾಲ ತಮ್ಮನು ಬೆಂಗಳೂರಿನಿಂದ ಬಂದನು. ಸ್ಥಳದ ಮಾತನ್ನು ಯಾರು ಮೊದಲು ಎತ್ತುವುದೆಂದು ಇಬ್ಬರೂ ಸುಮ್ಮನಿದ್ದೆವು. ಕಡೆಗೆ ನಾನು ಬಾಂಬೆ ಎಂದಿದ್ದ ಒಡಕು ಬಿಲ್ಲೆಯೊಂದನ್ನು, ಅದೊಂದನ್ನು ನನ್ನ ಪುಸ್ತಕಗಳ ಬಳಿ ತೆಗೆದಿಟ್ಟುಕೊಂಡಿದ್ದೆನು, ತಂದು ತಂದೆಯವರ ಪಟದ ಮುಂದೆ ಬೆನ್ನು ಮೇಲಾಗಿ ಇಟ್ಟೆನು. ತಮ್ಮನು ನೋಡಿದನು, ತಲೆಯಾಡಿಸಿದನು.

ಮರುದಿನ ಹಜಾರದ ನಡುವೆ, ನಕ್ಷತ್ರಗಳ ಮೇಲೆ, ಎಲೆಗಳನ್ನು ಹಾಕಿದೆವು. ತೊಟ್ಟಿಯಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಪಿತೃಸ್ಥಾನದಲ್ಲಿ ಕುಳಿತವರು ವಯಸ್ಸಾದವರು. ಆಪೋಶನಕ್ಕೆ ಮುಂಚೆ ನೆಲವನ್ನು ಅಂಗೈಯಿಂದೊಮ್ಮೆ ಸವರಿ, "ತಣ್ಣಗಿದೆ" ಎಂದರು. ನನ್ನ ಹೆಂಡತಿ ಅನ್ನವನ್ನು ಬಡಿಸಿದಳು. ನಮ್ಮ ತಂದೆಯವರ ಎಲೆ ಆ ನೆಲದ ಮೇಲೆ ಬಿದ್ದುದು ಅದೇ ಮೊದಲು.